ಅಕ್ಕನ ಅಳು, ಅಂಬಿಕಾಳ ಡಿಗ್ರಿ

ಮೇಲಿನ ಕೋಣೆಗೆ ಬಣ್ಣ ಹೊಡೆಯಲು ಬಂದ ಮಹಬೂಬ ಇವತ್ತು ಬೆಳಿಗ್ಗೆ ಮೆಟ್ಟಿಲ ತುದಿಯಲ್ಲಿ ನಿಂತು ನನ್ನನ್ನು ಕೂಗಿದ. ಮೊಣಕಾಲು ಹಿಡಿದುಕೊಂಡು ಹತ್ತಿ ಹೋದೆ. ಆತ ಬ್ರಷ್ಷು ಕೆಳಗಿಟ್ಟು ಗೋಡೆಯನ್ನೇ ನೋಡುತ್ತಿದ್ದ.

"ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ಲಿಂಗವಂತರ ಮನ್ಯಾಗ ಇಷ್ಟೊಂದು ತತ್ತಿ ಟ್ರೇ ಹ್ಯಾಂಗ ಬಂದ್ವು?"

ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕೋಣೆಯ ನಾಲ್ಕೂ ಗೋಡೆಗೆ ನೆಲದಿಂದ ತಲೆಯ ಮೇಲಿನವರೆಗೆ ಮೊಟ್ಟೆ ಇಡುವ ರಟ್ಟಿನ ಟ್ರೇಗಳು ಅಂಟಿಕೊಂಡಿವೆ. ಒಂದನ್ನು ಕಿತ್ತು ತೋರಿಸಿದ. ಅದರ ಜೊತೆಗೆ ಅಂಗೈಯಗಲ ಗಾರೆಯೂ ಬಂತು. ಹಳೆಯ ಅಂಟು, ರಟ್ಟು, ಧೂಳು ಸೇರಿದ ಒಂದು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

"ಅದೊಂದು ಡಿಗ್ರಿ, ಮಹಬೂಬ," ಎಂದೆ.

"ತತ್ತಿದೂ ಡಿಗ್ರಿ ಅದ ಏನ್ರಿ ಈಗ?" ಎಂದು ಅವನು ಕಣ್ಣರಳಿಸಿದ. ಅವನಿಗೆ ಚಹಾ ಕುಡಿದು ಬಾ ಎಂದು ಕೆಳಗೆ ಕಳಿಸಿ ನಾನು ಅಲ್ಲೇ ಉಳಿದೆ. ನಿಮಗೂ ಹೇಳಬೇಕೆನಿಸುತ್ತಿದೆ. ಬಣ್ಣದ ಡಬ್ಬಿ ಸರಿಸಿ ಕೂತುಕೊಳ್ಳಿ.

ನನಗೆ ಒಬ್ಬಳು ಅಕ್ಕ ಇದ್ದಾಳೆ, ಗುರುಬಾಯಿ. ಮದುವೆಯಾಗಿ ಕಮಲಾಪುರಕ್ಕೆ ಹೋದವಳು ಅಲ್ಲಿಯವಳೇ ಆದಳು. ಅವಳ ಮಗ ಶರಣಪ್ಪ ಅಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ಶರಣಪ್ಪನ ಮಗಳು ಅಂಬಿಕಾ. ನನ್ನನ್ನು ಮುತ್ಯಾ ಎನ್ನುತ್ತಾಳೆ, ನನ್ನ ಹೆಂಡತಿಯನ್ನು ಅಮ್ಮ ಎನ್ನುತ್ತಾಳೆ, ಅಕ್ಕನನ್ನು ಆಯಿ ಎನ್ನುತ್ತಾಳೆ. ಪಿಯುಸಿ ಮುಗಿದ ಮೇಲೆ ಈ ಹುಡುಗಿ ನರ್ಸಿಂಗ್ ಸೇರುತ್ತಾಳೆಂದು ಇಡೀ ಬಳಗ ತೀರ್ಮಾನ ಮಾಡಿತ್ತು. ಬಳಗದ ತೀರ್ಮಾನ ಹುಡುಗಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದಳೋ, ಒಂದು ದಿನ ಅಪ್ಪನನ್ನು ಕರೆದುಕೊಂಡು ಕಲಬುರಗಿಯಲ್ಲಿ ಕೋಟನೂರ ಹತ್ತಿರದ ನಮ್ಮ ಮನೆಗೆ ಬಂದಳು. ಕಲಬುರಗಿಯ ಒಂದು ಚಿತ್ರಕಲಾ ಕಾಲೇಜಿನಲ್ಲಿ ಹೊಸದಾಗಿ ನಾಲ್ಕು ವರ್ಷದ ಪದವಿ ಶುರುವಾಗಿದೆ, ಡಿಜಿಟಲ್ ಮತ್ತು ಪ್ರಾಯೋಗಿಕ ಮಾಧ್ಯಮ ಕಲೆ ಎಂದು ಅದರ ಹೆಸರು, ಅದಕ್ಕೆ ಸೇರುತ್ತೇನೆ ಎಂದಳು.

ನಾನು ದೂರವಾಣಿ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಡಿಜಿಟಲ್ ಎಂಬ ಶಬ್ದದ ಮೇಲೆ ನನಗೆ ಹಳೆಯ ಸಿಟ್ಟಿದೆ. ಎಕ್ಸ್‌ಚೇಂಜ್ ಡಿಜಿಟಲ್ ಆದ ದಿನ ನಮಗೆಲ್ಲ ಪೇಢೆ ಹಂಚಿ, ಇನ್ನು ಮೇಲೆ ಇಷ್ಟು ಜನ ಬೇಕಾಗುವುದಿಲ್ಲ ಎಂದು ಹೇಳಿದ್ದರು. ಆದ್ದರಿಂದ ಆ ಶಬ್ದ ಬಿಟ್ಟು ಎರಡನೆಯದನ್ನು ಹಿಡಿದುಕೊಂಡೆ.

"ಪ್ರಾಯೋಗಿಕ ಅಂದ್ರ ಪ್ರಯೋಗ ಮಾಡೋದಲ್ಲೇನವ್ವಾ? ಯಾರ ಮ್ಯಾಲ ಮಾಡ್ತಿ?"

"ಇನ್ನಾ ಗೊತ್ತಿಲ್ಲ ಮುತ್ಯಾ," ಎಂದು ನಕ್ಕಳು.

ಶರಣಪ್ಪ ಪಾಪ, ಕೈಯಲ್ಲಿದ್ದ ಟವೆಲನ್ನು ಹಿಂಡುತ್ತ ಕೂತಿದ್ದ. "ಮಾಮಾ, ಇದು ಓದಿದ್ರ ಮುಂದ ಏನ್ ಆಗ್ತಾರ್ರಿ?" ಎಂದು ನನ್ನನ್ನು ಕೇಳಿದ. ನನಗೂ ಗೊತ್ತಿರಲಿಲ್ಲ. ಆದರೆ ಮನೆಯ ಹಿರಿಯನೆಂದು ಕೇಳುವಾಗ ಗೊತ್ತಿಲ್ಲ ಎನ್ನಲು ಆಗುತ್ತದೆಯೇ? "ಬೇಕಾದ್ದು ಆಗ್ತಾರ," ಎಂದೆ. ಆ ಒಂದು ಮಾತಿನಿಂದ ಹುಡುಗಿ ನಮ್ಮ ಮೇಲಿನ ಕೋಣೆಗೆ ಬಂದು ಬಿಡಾರ ಹೂಡಿದಳು.

ಮೊದಲ ವರ್ಷ ಪೆನ್ಸಿಲು, ಇದ್ದಿಲು, ಮಣ್ಣು. ಅದು ನಮಗೆ ಅರ್ಥವಾಗುತ್ತಿತ್ತು. ಎರಡನೆಯ ವರ್ಷದಿಂದ ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮನೆಯೆಲ್ಲ ತಿರುಗತೊಡಗಿದಳು. ಕೈಯಲ್ಲಿ ಒಂದು ಮೈಕು, ಅದಕ್ಕೊಂದು ರೋಮದ ಟೊಪ್ಪಿಗೆ. ನನ್ನ ಹೆಂಡತಿ ಅದನ್ನು ಮೊದಲ ಸಲ ಅಡುಗೆಮನೆಯ ಕಟ್ಟೆಯ ಮೇಲೆ ನೋಡಿ, ಬೆಕ್ಕಿನ ಮರಿ ಸತ್ತು ಬಿದ್ದಿದೆಯೆಂದು ಕಿರುಚಿದ್ದಳು. ಅವಳು ರೊಟ್ಟಿ ಬಡಿಯುವ ಸದ್ದನ್ನು ಅಂಬಿಕಾ ಮುದ್ರಿಸಿಕೊಂಡು, ನಿಧಾನ ಮಾಡಿ, ಹಿಂದುಮುಂದು ಮಾಡಿ, ಕತ್ತಲ ಕೋಣೆಯಲ್ಲಿ ಬೆಳಕಿನ ಜೊತೆ ಕೇಳಿಸಿ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು ತೆಗೆದುಕೊಂಡು ಬಂದಳು. ನನ್ನ ಹೆಂಡತಿಗೆ ಆ ಆಘಾತದಿಂದ ಚೇತರಿಸಿಕೊಳ್ಳಲು ದಿನಗಳೇ ಹಿಡಿದವು. "ನಾ ಲಗ್ನಾ ಆದಾಗಿಂದ ಬಡಿಯಾಕತ್ತೀನಿ, ನನಗ ಯಾರೂ ಒಂದು ಮಾರ್ಕ್ ಕೊಟ್ಟಿಲ್ಲ," ಎಂದು ನನ್ನ ಕಡೆ ನೋಡಿ ಹೇಳಿದಳು.

ಮುಂದಿನ ಸರದಿ ನನ್ನದು. ಮಧ್ಯಾಹ್ನ ನಾನು ಗೊರಕೆ ಹೊಡೆಯುವುದನ್ನು ನನಗೆ ಗೊತ್ತಿಲ್ಲದಂತೆ ಮುದ್ರಿಸಿ ಕ್ಲಾಸಿನಲ್ಲಿ ಕೇಳಿಸಿದ್ದಳು. ಅವರ ಮೇಷ್ಟ್ರು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿ, "ಇದರಲ್ಲಿ ಒಂದು ಪ್ರಯಾಣವಿದೆ" ಎಂದರಂತೆ. ಬಯ್ಯಬೇಕೆಂದು ಬಾಯಿ ತೆರೆದವನು ಈ ಮಾತು ಕೇಳಿ ಸುಮ್ಮನಾದೆ. ಖರೆ ಹೇಳಬೇಕೆಂದರೆ ಒಂದಿಷ್ಟು ಹೆಮ್ಮೆಯೂ ಆಯಿತು. ಎರಡು ದಿನ ಮಲಗುವಾಗ ಜಾಗ್ರತೆಯಿಂದ ಮಲಗಿದೆ.

ಟ್ರೇಗಳು ಬಂದದ್ದು ಆಗಲೇ. ಕೋಣೆಯಲ್ಲಿ ದನಿ ಪ್ರತಿಧ್ವನಿಸಬಾರದು, ಅದಕ್ಕೆ ದುಬಾರಿ ಸ್ಪಂಜು ಬೇಕು, ಅದಿಲ್ಲದವರು ಇದನ್ನು ಅಂಟಿಸುತ್ತಾರೆ ಎಂದಳು. ನನ್ನ ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. ಕೊನೆಗೆ ರಾಜಿಯಾಯಿತು. ಒಂದೊಂದೇ ಟ್ರೇಗೆ ವಿಭೂತಿ ಬೆರೆಸಿದ ನೀರು ಚಿಮುಕಿಸಿ ಒಳಗೆ ಬಿಟ್ಟುಕೊಂಡಳು.

ಕೊನೆಯ ವರ್ಷ ಎಲ್ಲರೂ ಒಂದು ದೊಡ್ಡ ಕೃತಿ ಮಾಡಬೇಕು. ಅದನ್ನು ಹೊರಗಿನಿಂದ ಬಂದ ಪರೀಕ್ಷಕರು ನೋಡಿ ಒಪ್ಪಿದರೆ ಡಿಗ್ರಿ, ಇಲ್ಲದಿದ್ದರೆ ಇಲ್ಲ. ನಿಮ್ಮ ನಿಮ್ಮ ಮನೆಯೊಳಗಿಂದ ಏನಾದರೂ ತನ್ನಿ ಎಂದು ಮೇಷ್ಟ್ರು ಹೇಳಿದ್ದರಂತೆ. ಅಂಬಿಕಾಳ ತಲೆಗೆ ಹೊಳೆದದ್ದು ಅವಳ ಆಯಿಯ ಅಳು.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರನ್ನು ಮುಂದಿಟ್ಟುಕೊಂಡು, ಅವರ ಗುಣ, ಅವಗುಣ, ಉಂಡದ್ದು, ಆಡಿದ್ದು ಎಲ್ಲವನ್ನೂ ರಾಗವಾಗಿ ಹೇಳುತ್ತ ಅಳುವುದು. ಮೊದಲೇ ಕಟ್ಟಿಟ್ಟ ಪದಗಳಲ್ಲ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು. ಕೇಳಿಸಿಕೊಂಡ ಹೆಂಗಸರು ನಿಂತು ಕೇಳುವಂತಿಲ್ಲ. ಕೂತು, ಸೆರಗು ಮುಖಕ್ಕೆಳೆದು, ತಬ್ಬಿಕೊಂಡು ಜೊತೆಗೂಡಬೇಕು. ಈ ವಿದ್ಯೆಯಲ್ಲಿ ಗುರುಬಾಯಕ್ಕನದು ಕಮಲಾಪುರದಲ್ಲಿ ದೊಡ್ಡ ಹೆಸರು. ಅವಳು ಬಂದು ಕೂತರೆ ಸತ್ತವನ ಸಾಲಗಾರನೂ ಅಳುತ್ತಾನೆ ಎನ್ನುತ್ತಿದ್ದರು. ಅಕ್ಕನಿಗೂ ಅದು ಗೊತ್ತಿತ್ತು, ಒಳಗೊಳಗೇ ಬಿಗುಮಾನವಿತ್ತು.

ಅಂಬಿಕಾ ಹೋಗಿ ಕೇಳಿದಾಗ ಅಕ್ಕ ಕೈಯಲ್ಲಿದ್ದ ಮೊರವನ್ನೇ ಎತ್ತಿದಳಂತೆ. "ಹೆಣಾ ಇಲ್ಲದ ಅಳು ಎಲ್ಲಿಂದ ಬರ್ತದ? ನಿನ್ನ ಪರೀಕ್ಷೆಕ್ಕ ಯಾರನ್ನ ಸಾಯಿಸ್ಲಿ?" ಎಂದು ಬೈದು ಕಳಿಸಿದಳು. ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಕಲಬುರಗಿಗೆ ಮರಳಿ ಬಂದಳು.

ಅದಾದ ಕೆಲವೇ ದಿನಕ್ಕೆ ನನಗೆ ಕಾಗೆ ಬಡಿಯಿತು.

ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದರು. ನಿವೃತ್ತ ಗಂಡಸಿಗೆ ಮನೆಯಲ್ಲಿ ಯಾವ ಹುದ್ದೆ ಸಿಗುತ್ತದೆ ಎಂದು ನಿಮಗೆ ಗೊತ್ತಿದೆ. ಕೋಲು ಹಿಡಿದು ಕಾಯುತ್ತ ಕೂತಿದ್ದೆ. ನನ್ನ ಕೋಲಿಗಿಂತ ಕಾಗೆ ಚುರುಕಾಗಿತ್ತು. ಹಿಂದಿನಿಂದ ಬಂದು, ನನ್ನ ಬೋಳುತಲೆಯ ಮೇಲೆ ಒಂದು ಕ್ಷಣ ಕಾಲೂರಿ, ಸಂಡಿಗೆ ಕಚ್ಚಿಕೊಂಡು ಹೋಯಿತು. ಉಗುರು ತಾಗಿ ಒಂದು ಹನಿ ರಕ್ತವೂ ಬಂತು. ಅದೇ ಹೊತ್ತಿಗೆ ಮೇಲೆ ಬಂದ ನನ್ನ ಹೆಂಡತಿ ತಲೆಗೆ ಕೈ ಹಚ್ಚಿಕೊಂಡು ಕುಸಿದಳು.

ಕಾಗೆ ತಲೆ ಮುಟ್ಟಿದರೆ ಗಂಡಾಂತರ. ಅದಕ್ಕೊಂದು ಪರಿಹಾರವೂ ಉಂಟು. ಮುಟ್ಟಿಸಿಕೊಂಡವನು ಸತ್ತನೆಂದು ಅವನ ಒಡಹುಟ್ಟಿದವರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಬೇಕು, ನಂಬಿ ಅಳಬೇಕು. ಕಣ್ಣೀರು ನೆಲಕ್ಕೆ ಬಿದ್ದರೆ ಬಂದದ್ದು ಕಳೆಯಿತು, ಆಯುಷ್ಯ ಗಟ್ಟಿಯಾಯಿತು. ಆಮೇಲೆ ನಿಜ ಹೇಳಿ ಎಲ್ಲರೂ ನಗುವುದು. "ದೂರವಾಣಿ ಇಲಾಖೆಯವನ ಮನೆಯಿಂದ ಸುಳ್ಳು ಸುದ್ದಿ ಹೋಗುವುದಿಲ್ಲ," ಎಂದು ನಾನು ಭಾಷಣ ಮಾಡಿದೆ. ಮರುದಿನದಿಂದ ಮಾಳಿಗೆಗೆ ಛತ್ರಿ ಹಿಡಿದುಕೊಂಡು ಹೋದದ್ದು ಬಿಸಿಲಿಗಾಗಿ, ದಯವಿಟ್ಟು ನಂಬಿ.

ನನ್ನ ಹೆಂಡತಿ ನನ್ನ ಭಾಷಣ ಮುಗಿಯುವವರೆಗೆ ಕಾದು, ಮೇಲಿನ ಕೋಣೆಗೆ ಹೋಗಿ ಅಂಬಿಕಾಳ ಹತ್ತಿರ ಅತ್ತಳು. "ನಾ ಹೋಗ್ತೀನಿ ಅಮ್ಮ. ಫೋನಿನ್ಯಾಗ ಹೇಳಿದ್ರ ಆಯಿ ನಂಬಂಗಿಲ್ಲ," ಎಂದಳಂತೆ ಹುಡುಗಿ. ಬೆಳಗಿನ ಬಸ್ಸಿಗೇ ಹೋದಳು. ಎಷ್ಟು ಜೀವ ನೋಡ್ರಿ ನಿಮ್ಮ ಮ್ಯಾಲ ಎಂದು ನನ್ನ ಹೆಂಡತಿ ನಂತರ ನನಗೆ ಹೇಳಿದಳು. ನಾನೂ ಹಾಗೇ ತಿಳಿದೆ.

ಅವತ್ತು ಮಧ್ಯಾಹ್ನ ಅಕ್ಕನ ಫೋನು. "ಜೀವಂತ ಅದಿ ಏನೋ ಖೋಡಿ?" ಎಂದು ಶುರುವಾದ ಬೈಗುಳ ಮುಗಿಯುವ ಹೊತ್ತಿಗೆ ಅವಳೂ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಅವಳು ಅತ್ತದ್ದಕ್ಕೆ ಓಣಿಯ ಹೆಂಗಸರೆಲ್ಲ ಒಲೆ ಆರಿಸಿ ಓಡಿ ಬಂದಿದ್ದರಂತೆ. ಸುಳ್ಳೆಂದು ತಿಳಿದ ಮೇಲೆ ಬಂದವರಿಗೆಲ್ಲ ಚಹಾ ಮಾಡಿ ಸಕ್ಕರೆ ಡಬ್ಬಿ ಖಾಲಿಯಾಯಿತಂತೆ. ಅಲ್ಲಿಗೆ ಆ ಪ್ರಕರಣ ಮುಗಿಯಿತೆಂದು ನಾನು ಮರೆತೂ ಬಿಟ್ಟೆ.

ಕೃತಿಗಳ ಪ್ರದರ್ಶನದ ದಿನ ನಾವಿಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಕಾಲೇಜಿಗೆ ಹೋದೆವು. ಕಲಾಪ್ರದರ್ಶನವೆಂದರೆ ಗೋಡೆಗೆ ತೂಗುಹಾಕಿದ ಚಿತ್ರಗಳು ಎಂದುಕೊಂಡಿದ್ದೆ. ಗೋಡೆ ಖಾಲಿ. ಒಬ್ಬ ಹುಡುಗ ನೀರಿನ ಕೊಡ ಇಟ್ಟಿದ್ದ. ಬಗ್ಗಿ ನೋಡಿದರೆ ನೀರಿನೊಳಗೆ ನಮ್ಮ ಊರ ಬಸ್ ನಿಲ್ದಾಣ, ಜನ ಓಡಾಡುತ್ತಿದ್ದಾರೆ. ನನ್ನ ಹೆಂಡತಿ ಬಗ್ಗಿದವಳು ಏಳಲೇ ಇಲ್ಲ. "ನೋಡ್ರಿ, ಕಮಲಾಪುರದ ಬಸ್ ಹೋಗಾಕತ್ತದ!" ಎಂದು ಕೊಡಕ್ಕೆ ಬೆರಳು ತೋರಿಸಿದಳು.

ಅಂಬಿಕಾಳದು ಕೊನೆಯ ಕೋಣೆ. ಬಾಗಿಲಿಗೆ ಕಪ್ಪು ಪರದೆ. ಸರಿಸಿ ಒಳಗೆ ಹೋದೆವು. ಕತ್ತಲೆ. ನೆಲಕ್ಕೆ ಜಮಖಾನೆ. ಎದುರಿನ ಗೋಡೆಗೆ ಒಬ್ಬ ಮನುಷ್ಯ ಕೂಡುವಷ್ಟು ಜಾಗದ ಮೇಲೆ ಮಾತ್ರ ಬಿಳಿ ಬೆಳಕು, ಕೆಳಗೆ ಬಿಳಿ ಬಟ್ಟೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಆದ್ದರಿಂದ ಅದು ಯಾವ ಜಾಗವೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮುಂದೆ ಒಂದು ಹೆಜ್ಜೆ ಇಟ್ಟೆ. ನಾವು ನಡೆದರೆ ಯಂತ್ರಕ್ಕೆ ತಿಳಿಯುವಂತೆ ಏನೋ ಮಾಡಿದ್ದಳು. ನನ್ನ ಹೆಜ್ಜೆ ಬಿದ್ದಕೂಡಲೇ ಗೋಡೆಯೊಳಗಿಂದ ದನಿ ಎದ್ದಿತು.

"ನನ್ನ ತಮ್ಮಾ... ತೌರಿನ ಬಾಗಿಲಾ ಹಾಕ್ಕೊಂಡು ಹೋದೆಲ್ಲೋ... ಬಿಸಿ ರೊಟ್ಟಿ ಇಲ್ಲದ ಉಣದಾವನೋ... ಇವತ್ತ ತಣ್ಣಗ ಹ್ಯಾಂಗ ಕುಂತೆಲ್ಲೋ..."

ಮೊದಲು ದನಿ ಗುರುತಾಯಿತು, ಆಮೇಲೆ ಮಾತು, ಆಮೇಲೆ ಅದು ನಾನೇ ಎಂಬುದು. ಸಾವಿನ ಬಗ್ಗೆ ನಾನು ಬೇಕಾದಷ್ಟು ಮಾತಾಡಿದವನು. ಆದರೆ ನನ್ನ ಅಕ್ಕ ನನ್ನನ್ನು ಕಳೆದುಕೊಂಡರೆ ಅವಳ ಗಂಟಲಿನಿಂದ ಇಂಥದೊಂದು ಸದ್ದು ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ಹೆಂಡತಿ ನನ್ನ ತೋಳು ಹಿಡಿದು ಗಟ್ಟಿಯಾಗಿ ಚಿವುಟಿದಳು. ಅವಳನ್ನು ಎಳೆದುಕೊಂಡು ಹೊರಗೆ ಬಂದೆ.

ಅಂಬಿಕಾ ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದ್ದೇ ಕಣ್ಣು ಕೆಳಗೆ ಹಾಕಿದಳು.

"ಆವತ್ತಿಂದಲ್ಲೇನು ಇದು? ಸುಳ್ಳು ಸುದ್ದಿ ಹೇಳಾಕ ಹೋದಾಗಿಂದು?"

"ಹೌದು ಮುತ್ಯಾ. ಮಷಿನ್ ಬ್ಯಾಗಿನ್ಯಾಗ ಇತ್ತು."

"ಅಕ್ಕಗ ಗೊತ್ತದ ಏನು?"

"ಇಲ್ಲ. ಹೇಳಬೇಕಂತ ಹೋದಾಗೆಲ್ಲ ಬಾಯಿ ಬರಲಿಲ್ಲ. ಆಯಿ ಅವತ್ತು ನನ್ನ ಹಿಡ್ಕೊಂಡು ಅತ್ಲು ಮುತ್ಯಾ. ನಾ ಸುಮ್ನ ನಿಂತಿದ್ದೆ, ಕೆಂಪು ದೀಪಾ ಹತ್ತೇದೋ ಇಲ್ಲೋ ನೋಡ್ಕೋತ."

ನನಗೆ ಹೊಡೆಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು, ಎರಡನ್ನೂ ಮಾಡಲಿಲ್ಲ. ಮೊದಲು ಬಂದ್ ಮಾಡು ಎಂದೆ. "ಪರೀಕ್ಷಕರು ಬರಾಕತ್ತಾರ. ಇದು ಬಂದ್ ಆದ್ರ ನನ್ನ ಕಡೆ ತೋರ್ಸಾಕ ಏನೂ ಇಲ್ಲ, ನಾಕು ವರ್ಷ ಇಲ್ಲಿಗೇ ಮುಗೀತು," ಎಂದಳು. ನಾನು ಮುಂದೇನು ಹೇಳುತ್ತಿದ್ದೆನೋ, ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಒಂದು ಕ್ರೂಸರ್ ಜೀಪು ಬಂದು ನಿಂತಿತು. ಶರಣಪ್ಪ ಮಗಳಿಗೆ ಖುಷಿಯಾಗಲೆಂದು, ಒಂದು ಮಾತೂ ಹೇಳದೆ, ತನ್ನ ಅವ್ವನನ್ನೂ ಓಣಿಯ ಹೆಂಗಸರನ್ನೂ ಕೂಡಿಸಿಕೊಂಡು ಬಂದಿದ್ದ. ಮೇಷ್ಟ್ರಿಗೆ ಕೊಡಲು ಒಂದು ಗೊನೆ ಕೆಂಪು ಬಾಳೆಯೂ ಇತ್ತು.

ಪರೀಕ್ಷಕರೂ ಅದೇ ಗಳಿಗೆಗೆ ಆ ಕೋಣೆಗೆ ಬರಬೇಕೆ? ಒಬ್ಬ ಕನ್ನಡಕದ ಹೆಂಗಸು, ಒಬ್ಬ ಜುಟ್ಟಿನ ಗಂಡಸು. ಅವರ ಹಿಂದೆಯೇ ಇಳಕಲ್ ಸೀರೆಗಳ ಹಿಂಡು ಪರದೆ ಸರಿಸಿ ಒಳಗೆ ನುಗ್ಗಿತು, ಅದರ ಜೊತೆ ನಾವೂ ಒಳಗಾದೆವು. ಅಷ್ಟು ಜನ ಒಟ್ಟಿಗೆ ಹೆಜ್ಜೆ ಇಟ್ಟದ್ದಕ್ಕೆ ನಾಲ್ಕೂ ಗೋಡೆಗಳಿಂದ ಅಳು ಒಮ್ಮೆಗೇ ಎದ್ದಿತು.

ಕಮಲಾಪುರದ ಹೆಂಗಸರಿಗೆ ಅದು ಯಂತ್ರವೋ, ಕಲೆಯೋ, ಪರೀಕ್ಷೆಯೋ, ಏನೂ ಬೇಕಾಗಲಿಲ್ಲ. ಅಳು ಕೇಳಿಸಿತು. ತಡಮಾಡದೆ ಜಮಖಾನೆಯ ಮೇಲೆ ಕೂತರು, ಸೆರಗು ಎಳೆದರು, ಒಬ್ಬರನ್ನೊಬ್ಬರು ತಬ್ಬಿ ಅಳತೊಡಗಿದರು. ಒಬ್ಬಾಕೆ ಅಳುತ್ತ ಅಳುತ್ತ ಮೂಲೆಯಲ್ಲಿ ನಿಂತ ನನ್ನನ್ನು ನೋಡಿ ಚಿಟ್ಟನೆ ಚೀರಿದಳು. ಜುಟ್ಟಿನವರು ಪಕ್ಕದವರ ಕಿವಿಯಲ್ಲಿ, "ಊರಿನ ಜನರನ್ನೇ ಕೃತಿಯ ಒಳಗೆ ತಂದಿದ್ದಾರೆ, ಅದ್ಭುತ!" ಎಂದದ್ದು ನನಗೆ ಕೇಳಿಸಿತು.

ಕೂರದೆ ಉಳಿದವಳು ಗುರುಬಾಯಕ್ಕ ಒಬ್ಬಳೇ. ಕತ್ತಲಲ್ಲಿ ಕಿವಿಗೊಟ್ಟು ನಿಂತಿದ್ದಳು. ನಂತರ ಗೋಡೆಯ ಹತ್ತಿರ ಹೋಗಿ ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ತನ್ನ ದನಿ ತನ್ನ ಕೈಗೆ ತಾಗಿದ್ದು ಅವಳಿಗೆ ತಿಳಿದಿರಬೇಕು, ಕೈ ಹಿಂದಕ್ಕೆ ತೆಗೆದುಕೊಂಡಳು.

"ಅಂಬಿಕಾ, ಬಂದ್ ಮಾಡು."

ಹುಡುಗಿ ಪರೀಕ್ಷಕರ ಕಡೆ ನೋಡಲಿಲ್ಲ. ಹೋಗಿ ಬಂದ್ ಮಾಡಿದಳು. ಹೆಂಗಸರ ಅಳು ಇನ್ನೂ ಸ್ವಲ್ಪ ಹೊತ್ತು ನಡೆದು, ಒಬ್ಬೊಬ್ಬರದಾಗಿ ನಿಂತಿತು.

"ಇದು ನಂದು," ಎಂದಳು ಅಕ್ಕ. "ನಾ ನಿನಗ ಕೊಟ್ಟಿಲ್ಲ. ಮೊದ್ಲ ಕೇಳಿದಾಗ ಇಲ್ಲ ಅಂದಿದ್ದೆ."

"ತಪ್ಪಾತು ಆಯಿ."

"ಕೊಟ್ಟಿಗ್ಯಾಗಿನ ಎಮ್ಮಿ ಕೇಳದ ಹೊಡ್ಕೊಂಡು ಹೋಗಿದ್ರ ನಾ ಸುಮ್ನ ಇರ್ತಿದ್ದೆ, ನನ್ನ ಮೊಮ್ಮಗಳಂತ. ನನ್ನ ತಮ್ಮ ಹೋದನಂತ ನನ್ನ ಹ್ವಟ್ಟಿ ಉರದು ಬಂದದ್ದಿದು. ಇದನ್ನ ಟಿಕೀಟು ಇಲ್ಲದ ಆಟದಾಂಗ ಮಂದಿ ಮುಂದ ಹಚ್ಚಿದಿ. ತಗದ ಹಾಕು ಎಲ್ಲಾ, ನನ್ನ ಮುಂದ."

ಅಂಬಿಕಾ ಲ್ಯಾಪ್‌ಟಾಪ್ ತಂದು ಅಕ್ಕನ ಎದುರು ಮಂಡಿಯೂರಿದಳು. ಕನ್ನಡಕದ ಪರೀಕ್ಷಕರು ಮೆಲ್ಲಗೆ, "ಯೋಚನೆ ಮಾಡಮ್ಮಾ, ಇದು ನಿನ್ನ ಅಂತಿಮ ಕೃತಿ. ಇನ್ನೊಂದು ಅವಕಾಶ ಇರುವುದಿಲ್ಲ," ಎಂದರು. "ಇದು ನಂದಲ್ರಿ ಮೇಡಂ, ಆಯಿದು. ನಾ ಕೇಳದ ತಂದೀನ್ರಿ," ಎಂದಳು ಹುಡುಗಿ. ಲ್ಯಾಪ್‌ಟಾಪಿನಿಂದ ತೆಗೆದಳು, ಮುದ್ರಿಸುವ ಮಷಿನ್ನಿನ ಕಾರ್ಡಿನಿಂದ ತೆಗೆದಳು. ಇನ್ನೆಲ್ಲೂ ಇಲ್ಲ ಎಂದಳು. ಆಗ ಆ ಕೋಣೆಯಲ್ಲಿ ಉಳಿದದ್ದು ಬೆಳಕಿನ ಆ ಖಾಲಿ ಜಾಗ ಮತ್ತು ಬಾಯಿಲ್ಲದ ಪೆಟ್ಟಿಗೆಗಳು. ಶರಣಪ್ಪ ಬಾಳೆಗೊನೆ ಹೊತ್ತುಕೊಂಡು ಪರದೆಯ ಹತ್ತಿರ ನಿಂತೇ ಇದ್ದ, ಏನಾಯಿತೆಂದು ಅವನಿಗಿನ್ನೂ ತಿಳಿದಿರಲಿಲ್ಲ.

ಎಲ್ಲ ಮುಗಿಯಿತೆಂದು ನಾನು ಬಾಗಿಲ ಕಡೆ ತಿರುಗಿದೆ.

"ಎಲ್ಲಿಗಿ ಹೊಂಟಿ? ಬಾ ಇಲ್ಲಿ. ಕೂಡು," ಎಂದು ಅಕ್ಕ ಆ ಬೆಳಕಿನ ಜಾಗಕ್ಕೆ ಕೈ ತೋರಿಸಿದಳು.

"ಅಕ್ಕಾ, ಏನಿದು?"

"ಪಾಪ, ದೂರಿಂದ ಬಂದಾರ ಇವರು, ಹುಡುಗಿ ಪರೀಕ್ಷೆ ನೋಡಾಕ. ಹ್ಯಾಂಗ ಬರಿಗೈಲೆ ಕಳಸೋದು? ಅದು ಸುಳ್ಳು ಹೇಳಿ ಒಯ್ದದ್ದು. ಇದು ನಾ ಕೊಡಾಕತ್ತೀನಿ. ಕೂಡು. ಬೆನ್ನ ಗ್ವಾಡಿಗೆ ಹಚ್ಚು."

ನನ್ನ ಹೆಂಡತಿ ಬೇಡವೆಂದು ತಲೆಯಾಡಿಸುತ್ತಿದ್ದಳು. ಮೊಮ್ಮಕ್ಕಳನ್ನು ಕಂಡ ಮುದುಕ, ಪಿಂಚಣಿದಾರ, ಪರ ಊರಿನ ಪರೀಕ್ಷಕರ ಮುಂದೆ ಹೆಣದ ಜಾಗದಲ್ಲಿ ಹೋಗಿ ಕೂತೆ. ಅಕ್ಕ ಹೇಳಿದ ಮೇಲೆ ಕೂರದೆ ಇದ್ದ ದಿನ ನನ್ನ ಜೀವನದಲ್ಲಿ ಇಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಕಣ್ಣು ಮುಚ್ಚಿದೆ. "ಕಣ್ಣ ತಗಿ, ನೋಡು ನನ್ನ," ಎಂದಳು. ಎದುರಿಗೆ ಕೂತಳು, ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು.

"ಕಾಗಿಗಿ ಅಂಜಿ ಛತ್ರಿ ಹಿಡದಾವನೋ... ಹೆಂಡತಿ ಮುಂದ ಬಿಸಲಂತ ಹೇಳದಾವನೋ..." ಎಂದು ಎತ್ತಿಕೊಂಡಳು. ಓಣಿಯ ಹೆಂಗಸರು ಸೆರಗಿನೊಳಗೇ ಕಿಸಕ್ಕನೆ ನಕ್ಕರು. ನಾನೂ ನಗಬೇಕೆನ್ನುವಷ್ಟರಲ್ಲಿ ರಾಗ ಕೆಳಗಿಳಿಯಿತು.

"ಅವ್ವ ಹೋದಾಗ ತೊಟ್ಟಲದಾಗ ಇದ್ದೆಲ್ಲೋ... ನನ್ನ ಬಗಲಾಗ ಕುಂತು ಬೆಳದೆಲ್ಲೋ... ನಿನ್ನ ಹೊತಗೊಂಡು ಸಾಲಿಗಿ ಹೋದೆನೋ... ಬಾಗಲಾಗ ಕುಂತು ಅಕ್ಷರ ಕಲತೆನೋ... ನೀ ಅತ್ತಿ ಅಂತ ಮಾಸ್ತರ ಎಬ್ಬಿಸ್ಯಾರೋ... ನೀ ಅಳದ ಇದ್ದಿದ್ರ ತಮ್ಮಾ... ನಾನೂ ನಾಕು ಅಕ್ಷರ ಕಲಿತಿದ್ನೋ..."

ಇದು ನನಗೆ ಗೊತ್ತಿರಲಿಲ್ಲ. ಅವ್ವ ಸತ್ತಾಗ ನಾನು ಕೂಸು, ಅಕ್ಕ ಸಾಕಿದಳು ಎಂದಷ್ಟೇ ಗೊತ್ತಿತ್ತು. ಅಕ್ಕನಿಗೆ ಓದು ಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಅಕ್ಕನಿಗೆ ಬೆಳ್ಳುಳ್ಳಿ ಸೇರುವುದಿಲ್ಲ ಎಂಬಷ್ಟೇ ಸಾಧಾರಣ ಸಂಗತಿಯಾಗಿತ್ತು. ಯಾರೂ ಕಾರಣ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಸತ್ತವರ ಮುಂದೆ ಮಾತ್ರ ಹೇಳಬಹುದಾದ ಮಾತು ಅದು, ನಾನು ಸತ್ತ ಮೇಲಷ್ಟೇ ಹೊರಬರಬೇಕಾಗಿದ್ದದ್ದು. ಬದುಕಿ ಕೂತು ಕೇಳಿದೆ. ಹೆಣ ಅಳಬಾರದೆಂದು ಎಷ್ಟು ಬಿಗಿಹಿಡಿದರೂ ಆಗಲಿಲ್ಲ.

ಅಕ್ಕ ತಟ್ಟನೆ ನಿಲ್ಲಿಸಿದಳು. ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದಳು, ನಂತರ ತನ್ನದು.

"ಇಷ್ಟ ಸಾಕು. ಉಳದದ್ದು ನೀ ಖರೇನ ಹೋದಾಗ," ಎಂದು ಮೊಣಕಾಲಿಗೆ ಕೈಕೊಟ್ಟು ಎದ್ದಳು.

ಪರೀಕ್ಷಕರು ಬಹಳ ಹೊತ್ತು ಚರ್ಚೆ ಮಾಡಿದರು. ಅಕ್ಕ ಕೊಟ್ಟದ್ದನ್ನು ಅಂಬಿಕಾಳ ಕೃತಿಯೆಂದು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ ಎಂದರು. ಬೆಳಕು, ಯಂತ್ರದ ಜೋಡಣೆ, ಹಿಂದಿನ ವರ್ಷಗಳ ಕೆಲಸ ನೋಡಿ ಹುಡುಗಿಯನ್ನು ಪಾಸು ಮಾಡಿದರು, ಅಷ್ಟೇ. ಮೇಲಿನ ದರ್ಜೆ ಬಂದಿದ್ದರೆ ಸಿಗಬಹುದಾಗಿದ್ದ ದೊಡ್ಡ ಸಂಸ್ಥೆಯ ಸೀಟು ಕೈತಪ್ಪಿತು. ಒಂದು ವರ್ಷ ಮದುವೆಗಳ ವಿಡಿಯೋ ಕತ್ತರಿಸುವ ಕೆಲಸ ಮಾಡಿದಳು. ಈಗ ದೂರದ ಊರಲ್ಲಿ ಅದೇ ವಿಷಯದಲ್ಲಿ ಮೇಲಿನ ಡಿಗ್ರಿ ಓದುತ್ತಿದ್ದಾಳೆ. ಯಾರದೇ ದನಿ ಮುದ್ರಿಸುವ ಮೊದಲು ಅವರ ಎದುರು ಕೂತು, ಯಾಕೆ, ಎಲ್ಲಿ, ಯಾರ ಮುಂದೆ ಎಂದು ಎಲ್ಲ ಹೇಳುತ್ತಾಳಂತೆ. ಅರ್ಧ ಜನ ಅದನ್ನು ಕೇಳಿಯೇ ಎದ್ದು ಹೋಗುತ್ತಾರಂತೆ.

ಈ ಬೇಸಿಗೆಯಲ್ಲಿ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದೇನಲ್ಲ ಎಂದರು, ನಾವು ನಿಟ್ಟುಸಿರು ಬಿಟ್ಟೆವು. ಆದರೆ ಎಚ್ಚರವಾದ ಅಕ್ಕನ ಬಾಯಿಂದ ದನಿ ಬರಲಿಲ್ಲ. ಗಾಳಿ ಮಾತ್ರ ಬಂತು. ಬರಬಹುದು, ಬರದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರು. ಇಡೀ ಕಮಲಾಪುರವನ್ನು ಅಳಿಸಿದ ಗಂಟಲು ಅದು.

ಆಸ್ಪತ್ರೆಯಿಂದ ಬಂದವನೇ ನಾನು ಅಂಬಿಕಾಳಿಗೆ ಫೋನು ಮಾಡಿದೆ. "ಖರೇ ಹೇಳು, ನಾ ಬೈಯಂಗಿಲ್ಲ. ಎಲ್ಲ್ಯರೆ ಒಂದು ಕಾಪಿ ಇಟ್ಟೀಯಲ್ಲ?" ಎಂದು ಕೇಳಿದೆ. ಈಗಿನ ಹುಡುಗರು ಎಲ್ಲದರದೂ ಒಂದು ಕಾಪಿ ಇಟ್ಟಿರುತ್ತಾರೆ ಎಂಬ ಧೈರ್ಯ ನನಗೆ.

"ಇಲ್ಲ ಮುತ್ಯಾ," ಎಂದಳು. "ಆಯಿ ಮುಂದ ತಗದ ಹಾಕೀನಲ್ಲ." ಆಮೇಲೆ ಆ ಕಡೆಯಿಂದ ಅವಳು ಅಳುವುದು ಕೇಳಿಸಿತು. ಅವಳಿಗೆ ರಾಗ ಬರುವುದಿಲ್ಲ, ಸುಮ್ಮನೆ ಅಳು. ಆ ಹುಡುಗಿ ಒಂದು ಚೂರು ಸುಳ್ಳುಗಾರ್ತಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾನೇ ಬೆಚ್ಚಿದೆ.

ಮಹಬೂಬ ಚಹಾ ಮುಗಿಸಿ ಬಂದು ಗೋಡೆ ಕೆರೆಯಲು ಶುರುಮಾಡಿದ್ದಾನೆ. ನಾನು ಕೆಳಗಿಳಿದು ಕಮಲಾಪುರಕ್ಕೆ ಫೋನು ಹಚ್ಚಿದೆ. ಶರಣಪ್ಪನ ಹೆಂಡತಿ ಎತ್ತಿ, ಅತ್ತೆಯ ಬಾಯಿಗೆ ಹಿಡಿದಳು. ಮೊದಲು ಬರೀ ಉಸಿರು. ನೌಕರಿಯುದ್ದಕ್ಕೂ ಇಂಥ ಕೆಟ್ಟ ಲೈನುಗಳಿಗೆ ಕಿವಿಗೊಟ್ಟವನು ನಾನು, ಗಟ್ಟಿಯಾಗಿ ಒತ್ತಿ ಹಿಡಿದೆ.

"ಅಕ್ಕಾ, ಹುಡುಗಿ ಕಾಪಿ ಸೈತ ಇಟ್ಟಿಲ್ಲ."

"ಹ್ಯಾಂಗ ಇಡ್ತಾಳ? ನಾ ನೋಡೀನಲ್ಲ," ಎಂದಿತು ಗಾಳಿ. ಅದರಲ್ಲೂ ಬಿಗುಮಾನವಿತ್ತು.

"ಮತ್ತ ಉಳದದ್ದು? ನಂದು ಅರ್ಧಾಕ್ಕ ನಿಂತದಲ್ಲ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಲೈನು ಹೋಯಿತೇನೋ ಎಂದುಕೊಂಡೆ.

"ಗಂಟಲಾ ಬರೂತನಕ ನೀ ಎಲ್ಲೀಗೂ ಹೋಗಬ್ಯಾಡ ತಮ್ಮಾ."

"ಹೋಗಂಗಿಲ್ಲ ಅಕ್ಕಾ," ಎಂದೆ.